ಬಿದ್ದವನ ಕೈಯಲ್ಲಿ ಏನು ಉಳಿಯಬೇಕು?

ಇತರರ ಮೇಲೆ ಜಾರಿ ಮಾಡಬೇಕಾದ ನಿಯಮವೊಂದನ್ನು ತಾನೇ ತಾಳಿಕೊಳ್ಳಲಾರೆ ಎಂದು ಗೊತ್ತಾದಾಗ ಮನುಷ್ಯ ಏನು ಮಾಡಬೇಕು? ಇದು ಅಧಿಕಾರಿಗೆ, ಶಾಸಕನಿಗೆ, ಮೇಷ್ಟ್ರಿಗೆ, ಹೆತ್ತವರಿಗೆ ಕೇಳಬೇಕಾದ ಪ್ರಶ್ನೆ. ಇಲ್ಲಿ ಮಾತ್ರ ಇದನ್ನು ಒಂದು ಹಳೆಯ ವಿಡಿಯೋ ಗೇಮಿನ ಮೂಲಕ ಕೇಳಲು ಹೊರಟಿದ್ದೇನೆ. ಮಕ್ಕಳ ಆಟಕ್ಕೂ ನೀತಿಯ ಜಿಜ್ಞಾಸೆಗೂ ಎಲ್ಲಿಯ ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ನಿಯಮ, ಶಿಕ್ಷೆ, ವಿನಾಯಿತಿ ಎಂಬ ಮೂರು ಸಂಗತಿಗಳು ಆಟದಲ್ಲಿ ಕಾಣಿಸುವಷ್ಟು ಬೆತ್ತಲಾಗಿ ಬದುಕಿನಲ್ಲಿ ಕಾಣಿಸುವುದಿಲ್ಲ.

ಆಟದ ಹೆಸರು ಗ್ರೇಡಿಯಸ್. ಜಪಾನಿನ ಕೊನಾಮಿ ಸಂಸ್ಥೆ 1985ರಲ್ಲಿ ಇದನ್ನು ಆರ್ಕೇಡ್ ಅಂಗಡಿಗಳಿಗಾಗಿ, ಅಂದರೆ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಿಗಾಗಿ ಹೊರತಂದಿತು. ಮರುವರ್ಷ, 1986ರಲ್ಲಿ, ಅದು ನಿಂಟೆಂಡೊ ಕಂಪೆನಿಯ ಫ್ಯಾಮಿಕಾಮ್ ಎಂಬ ಮನೆಬಳಕೆಯ ಯಂತ್ರಕ್ಕೆ ಬಂತು. ಟಿವಿಗೆ ಜೋಡಿಸಿ ಆಡುವ ಈ ಯಂತ್ರ ಜಪಾನಿನಲ್ಲಿ ಹುಟ್ಟಿದ್ದು 1983ರಲ್ಲಿ. ಕಥೆ ಹೇಳಿಕೊಳ್ಳುವಂಥದ್ದೇನಲ್ಲ. ಗ್ರೇಡಿಯಸ್ ಎಂಬ ಗ್ರಹದ ಮೇಲೆ ಶತ್ರುಗಳು ಮುಗಿಬಿದ್ದಿದ್ದಾರೆ, ವಿಕ್ ವೈಪರ್ ಎಂಬ ಒಂಟಿ ನೌಕೆ ಅವರನ್ನು ಎದುರಿಸಲು ಹೊರಡುತ್ತದೆ. ನೌಕೆಯ ಮುಖ ಸದಾ ಬಲಕ್ಕೆ. ಆಕಾಶ, ಬೆಟ್ಟ, ಜ್ವಾಲಾಮುಖಿ, ಕಲ್ಲಿನ ಮೋಆಯ್ ತಲೆಗಳು ಎಲ್ಲವೂ ಎಡಕ್ಕೆ ಸರಿಯುತ್ತಲೇ ಇರುತ್ತವೆ. ನಿಲ್ಲುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ.

ಈ ಆಟವನ್ನು ಬೇರೆ ನೂರು ಆಟಗಳಿಂದ ಪ್ರತ್ಯೇಕಿಸಿದ್ದು ಅದರ ಗಳಿಕೆಯ ವ್ಯವಸ್ಥೆ. ಕೆಲವು ಶತ್ರುಗಳನ್ನು ಹೊಡೆದರೆ ಸಣ್ಣ ಕೆಂಪು ಕ್ಯಾಪ್ಸೂಲು ಸಿಗುತ್ತದೆ. ಪರದೆಯ ಕೆಳಗೆ ಸಾಲಾಗಿ ಆರು ಮನೆಗಳು: ವೇಗ, ಕ್ಷಿಪಣಿ, ಎರಡು ದಿಕ್ಕಿನ ಗುಂಡು, ಲೇಸರ್, ಆಪ್ಷನ್, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗಿದ ರಕ್ಷಾಕವಚ. ಪ್ರತಿ ಕ್ಯಾಪ್ಸೂಲಿಗೆ ಬೆಳಕು ಒಂದು ಮನೆ ಮುಂದಕ್ಕೆ ಸರಿಯುತ್ತದೆ. ಯಾವ ಮನೆಯಲ್ಲಿ ಬೇಕೋ ಅಲ್ಲಿ ಗುಂಡಿ ಒತ್ತಿ ಆ ಶಕ್ತಿಯನ್ನು ಪಡೆಯಬಹುದು. ಪಡೆದೊಡನೆ ಲೆಕ್ಕ ಮತ್ತೆ ಮೊದಲಿಂದ. ಒಂದಕ್ಕೇ ಸಮಾಧಾನಪಟ್ಟು ಸ್ವಲ್ಪ ವೇಗ ಕೊಳ್ಳುವುದೋ, ಅಪಾಯ ಸಹಿಸಿಕೊಂಡು ಐದನ್ನು ಕೂಡಿಟ್ಟು ಆಪ್ಷನ್ ಪಡೆಯುವುದೋ? ಆಪ್ಷನ್ ಎಂದರೆ ನೌಕೆಯ ಬೆನ್ನಿಗೇ ಬರುತ್ತಾ, ನೌಕೆ ಹೊಡೆದಾಗಲೆಲ್ಲ ತಾನೂ ಹೊಡೆಯುವ ಬೆಳಕಿನ ಉಂಡೆ. ಕೈಗೆ ಬಂದದ್ದನ್ನು ಇಂದೇ ಖರ್ಚು ಮಾಡುವುದೋ, ನಾಳೆಗೆಂದು ಇಡುವುದೋ ಎಂಬ ಗೃಹಸ್ಥನ ಚಿಂತೆಯನ್ನು ಗುಂಡಿನ ಮಳೆಯ ನಡುವೆ ಮಾಡಬೇಕಾದ ಆಟ ಇದು.

ಹೀಗೆ ಕಷ್ಟಪಟ್ಟು ಕೂಡಿಟ್ಟದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ.

ವಿಕ್ ವೈಪರ್‌ಗೆ ಒಂದು ಗುಂಡು ತಾಗಿದರೆ, ಒಂದು ಬಂಡೆ ಸವರಿದರೆ ಸಾಕು, ನೌಕೆ ಸಿಡಿಯುತ್ತದೆ. ಉಳಿದ ನೌಕೆಗಳ ಪೈಕಿ ಒಂದು ಕಳೆಯುತ್ತದೆ, ಅದು ಸರಿ. ಆದರೆ ಹೊಸ ನೌಕೆ ಬರುವುದು ಬರಿಗೈಯಲ್ಲಿ. ವೇಗವಿಲ್ಲ, ಕ್ಷಿಪಣಿಯಿಲ್ಲ, ಲೇಸರಿಲ್ಲ, ಜೊತೆಗಾರ ಉಂಡೆಗಳಿಲ್ಲ. ದಾರಿಯಲ್ಲಿ ಒಂದಷ್ಟು ಹಿಂದಕ್ಕೂ ತಳ್ಳುತ್ತಾರೆ. ಶತ್ರುಗಳು ಮಾತ್ರ ಇದ್ದಷ್ಟೇ. ಪೂರ್ಣ ಶಸ್ತ್ರಸಜ್ಜಿತನಿಗೂ ಕಷ್ಟವಾಗುವಂತೆ ಹೂಡಿದ ವ್ಯೂಹದೊಳಗೆ ಈಗ ಆಮೆಯಂತೆ ತೆವಳುವ, ಒಂದು ಬಡ ಗುಂಡು ಹಾರಿಸುವ ನೌಕೆ ನುಗ್ಗಬೇಕು. ಪರಿಣಾಮ ಊಹಿಸಬಹುದು. ಮೊದಲ ಸಾವು ಎರಡನೆಯದನ್ನು ಕರೆಯುತ್ತದೆ, ಎರಡನೆಯದು ಮೂರನೆಯದನ್ನು. ಒಮ್ಮೆ ಬಿದ್ದರೆ ಆಟ ಮುಗಿದಂತೆಯೇ ಎಂಬ ಈ ಸ್ಥಿತಿಗೆ ಇಂಥ ಆಟಗಳ ಅಭಿಮಾನಿಗಳು ಗ್ರೇಡಿಯಸ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ, ರೋಗಕ್ಕೆ ಹೆಸರಿಡುವ ಹಾಗೆ.

ಇಷ್ಟು ಕ್ರೌರ್ಯ ಯಾಕೆ? ನಾಣ್ಯದ ಯಂತ್ರದಲ್ಲಿ ಅದಕ್ಕೊಂದು ಲೆಕ್ಕಾಚಾರವಿತ್ತು. ಆಡುವವನು ಬೇಗ ಸತ್ತರೆ ಮುಂದಿನ ನಾಣ್ಯ ಬೇಗ ಬೀಳುತ್ತದೆ. ಅಂಗಡಿಯವನಿಗೆ ನುರಿತ ಆಟಗಾರ ಲಾಭದ ಗಿರಾಕಿಯಲ್ಲ. ಆದರೆ ಅದೇ ಆಟ ಮನೆಯೊಳಗೆ ಬಂದಾಗ ನಾಣ್ಯದ ಡಬ್ಬಿ ಹಿಂದೆ ಉಳಿಯಿತು, ಶಿಕ್ಷೆ ಮಾತ್ರ ಜೊತೆಗೆ ಬಂತು. ಕಾರಣ ಸತ್ತ ಮೇಲೂ ಬದುಕಿರುವ ನಿಯಮಗಳು ಎಷ್ಟೋ ಇವೆ. ಮನೆಯಲ್ಲಿ ಆಡುವವರಿಗೆ ಆಟ ಬೇಗ ಮುಗಿದು ಬೇಸರ ಬರಬಾರದು, ಕಾಸಿಗೆ ತಕ್ಕಷ್ಟು ದಿನ ಬಾಳಬೇಕು ಎಂಬ ಸಮರ್ಥನೆ ಇದ್ದಿರಬಹುದು. ಅದು ಪೂರ್ತಿ ಸುಳ್ಳಲ್ಲ. ಆದರೂ ಹಳೆಯ ನಿಯಮಕ್ಕೆ ಹೊಸ ಕಾರಣ ಹುಡುಕುವುದು ಮನುಷ್ಯನ ಹಳೆಯ ಚಾಳಿ.

ಆರ್ಕೇಡಿನ ಆಟವನ್ನು ಫ್ಯಾಮಿಕಾಮಿಗೆ ಇಳಿಸುವ ಕೆಲಸ ಕಜುಹಿಸಾ ಹಾಶಿಮೊಟೊ ಎಂಬ ಕೊನಾಮಿಯ ಉದ್ಯೋಗಿಯ ಪಾಲಿಗೆ ಬಂತು. ಕೆಲಸ ಮಾಡುವಾಗ ಆಟವನ್ನು ಆಡಿ ಪರೀಕ್ಷಿಸಬೇಕಲ್ಲ? ಮೊದಲಿನಿಂದ ಕೊನೆಯವರೆಗೆ ಎಲ್ಲ ಸರಿಯಿದೆಯೇ ಎಂದು ನೋಡಬೇಕಲ್ಲ? ಹಾಶಿಮೊಟೊಗೆ ಅದು ಆಗಲಿಲ್ಲ. ಈ ಆಟವನ್ನು ತಾನು ಹೆಚ್ಚು ಆಡಿದವನಲ್ಲ, ಗೆಲ್ಲುವುದಂತೂ ತನ್ನಿಂದ ಸಾಧ್ಯವೇ ಇರಲಿಲ್ಲ ಎಂದು ಅವರೇ ಮುಂದೆ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ಹಾಗಾಗಿ ತನ್ನ ಅನುಕೂಲಕ್ಕೆ ಒಂದು ಗುಟ್ಟಿನ ಬಾಗಿಲು ಇಟ್ಟುಕೊಂಡರು. ಆಟವನ್ನು ತಡೆದು ನಿಲ್ಲಿಸಿ, ಕೈಯಲ್ಲಿನ ಗುಂಡಿಗಳನ್ನು ಹೀಗೆ ಒತ್ತಬೇಕು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಒಟ್ಟು ಹತ್ತು ಒತ್ತು. ಬಳಸುವವನು ತಾನೇ ಆದ್ದರಿಂದ ನೆನಪಿಡಲು ಸುಲಭವಾಗಿರಲಿ ಎಂದು ಜೋಡಿ ಜೋಡಿಯಾಗಿ ಜೋಡಿಸಿದ್ದು. ಒತ್ತಿದೊಡನೆ ಬರಿಗೈ ನೌಕೆಗೆ ಕ್ಷಿಪಣಿ, ಆಪ್ಷನ್, ಕವಚ ಎಲ್ಲ ಒಟ್ಟಿಗೆ ಬಂದುಬಿಡುತ್ತದೆ. ಆಟ ಮಾರುಕಟ್ಟೆಗೆ ಹೋದಾಗ ಆ ಬಾಗಿಲೂ ಅದರೊಳಗೇ ಉಳಿದು ಹೋಯಿತು. ಜಗತ್ತು ಅದನ್ನು ಕೊನಾಮಿ ಕೋಡ್ ಎಂದು ಕರೆಯಿತು.

ಈ ಕೋಡ್ ಬಳಸುವುದು ಮೋಸವೇ? ಸಾಮಾನ್ಯವಾಗಿ ಎಲ್ಲರೂ ಎತ್ತುವ ಪ್ರಶ್ನೆ ಇದು. ನನಗೆ ಇದು ಅಷ್ಟೇನೂ ಕಠಿಣ ಅನ್ನಿಸುವುದಿಲ್ಲ. ತತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟಿಸಿದ ಗ್ರಾಸ್‌ಹಾಪರ್ ಎಂಬ ಪುಸ್ತಕದಲ್ಲಿ, ಆಟವೆಂದರೆ ಅನಗತ್ಯವಾದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದು ಎಂಬರ್ಥದ ವಾದ ಮಂಡಿಸುತ್ತಾರೆ. ಗಾಲ್ಫಿನ ಚೆಂಡು ಕುಳಿಗೆ ಬೀಳುವುದಷ್ಟೇ ಗುರಿಯಾಗಿದ್ದರೆ ಕೈಯಲ್ಲಿ ಎತ್ತಿ ಹಾಕಿದರಾಯಿತು, ಕೋಲು ಯಾಕೆ? ಅವರ ಪ್ರಕಾರ ನಿಯಮ ಮುರಿದವನು ಆಟವನ್ನು ಗೆಲ್ಲುವುದಲ್ಲ, ಅವನು ಆ ಆಟವನ್ನು ಆಡುತ್ತಲೇ ಇಲ್ಲ. ಸರಿ. ಹಾಗಾದರೆ ತನ್ನ ಮನೆಯಲ್ಲಿ, ಎದುರಾಳಿ ಯಾರೂ ಇಲ್ಲದೆ ಕೋಡ್ ಒತ್ತಿದ ಹುಡುಗ ಬೇರೊಂದು ಸುಲಭದ ಆಟ ಆಡಿದ, ಅಷ್ಟೆ. ಅವನು ನಾಳೆ ಶಾಲೆಯಲ್ಲಿ ‘ನಾನು ಗ್ರೇಡಿಯಸ್ ಮುಗಿಸಿದೆ’ ಎಂದು ಎದೆಯುಬ್ಬಿಸಿದರೆ ಮೋಸ ಹುಟ್ಟುವುದು ಆ ಮಾತಿನಲ್ಲಿ. ಗುಂಡಿಗಳಲ್ಲಿ ಪಾಪವಿಲ್ಲ. ತೊಟ್ಟವನನ್ನು ಅದೃಶ್ಯನಾಗಿಸುವ ಉಂಗುರ ಸಿಕ್ಕರೆ ಮನುಷ್ಯ ಸಜ್ಜನನಾಗಿಯೇ ಉಳಿಯುತ್ತಾನೆಯೇ ಎಂದು ಪ್ಲೇಟೊನ ರಿಪಬ್ಲಿಕ್ ಗ್ರಂಥದಲ್ಲಿ ಗ್ಲಾಕನ್ ಕೇಳುತ್ತಾನೆ. ಅಲ್ಲಿ ಅದೃಶ್ಯನಾದವನು ಇನ್ನೊಬ್ಬರದ್ದನ್ನು ಕದಿಯುತ್ತಾನೆ. ಇಲ್ಲಿ ಕಳೆದುಕೊಳ್ಳುವವರು ಯಾರೂ ಇಲ್ಲ.

ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ನಿಯಮ ತನಗೆ ಭಾರವಾಯಿತು ಎಂದು ಗೊತ್ತಾದಾಗ ಅದನ್ನು ಜಾರಿ ಮಾಡುವವನಿಗೆ ಎರಡು ದಾರಿಗಳಿದ್ದವು. ಎಲ್ಲರಿಗೂ ನಿಯಮವನ್ನು ಸಡಿಲಿಸಬಹುದಿತ್ತು. ಇಲ್ಲವೇ ನಿಯಮವನ್ನು ಹಾಗೇ ಬಿಟ್ಟು ತನಗೊಂದು ಗುಟ್ಟಿನ ಹಾದಿ ಮಾಡಿಕೊಳ್ಳಬಹುದಿತ್ತು. ಹಾಶಿಮೊಟೊ ಎರಡನೆಯದನ್ನು ಮಾಡಿದರು. ಅವರನ್ನು ದೂರುವ ಉದ್ದೇಶ ನನಗಿಲ್ಲ. ಪರೀಕ್ಷೆಯ ಕೆಲಸಕ್ಕೆ ಬೇಕಾದ ಉಪಕರಣ ಅದು, ಬಡಗಿ ಗೋಡೆ ಕಟ್ಟುವವರೆಗೆ ಆಸರೆಗೆ ಕೊಡುವ ಕಂಬದಂತೆ. ತನ್ನ ಕೆಲಸದ ಆಟ ತನಗೇ ಕಷ್ಟ ಎಂದು ಬಾಯಿಬಿಟ್ಟು ಹೇಳಿದ ಪ್ರಾಮಾಣಿಕತೆಯೂ ಎಲ್ಲರಿಗೆ ಬರುವುದಿಲ್ಲ. ಆದರೆ ಒಮ್ಮೆ ಆ ಹಾದಿ ಹೊರಜಗತ್ತಿಗೆ ಬಂದ ಮೇಲೆ ಅದರ ಸ್ವಭಾವ ಬದಲಾಯಿತು. ಒಂದೇ ಆಟ, ಒಂದೇ ಬೆಲೆ, ಒಂದೇ ಶಿಕ್ಷೆ. ಆದರೆ ಗೊತ್ತಿದ್ದವನಿಗೆ ಒಂದು ಬಾಗಿಲು ಹೆಚ್ಚು.

ಗೊತ್ತಾಗುವುದು ಹೇಗೆ? ಅಮೆರಿಕದಲ್ಲಿ 1988ರಲ್ಲಿ ಶುರುವಾದ ನಿಂಟೆಂಡೊ ಪವರ್‌ನಂಥ ಪತ್ರಿಕೆಗಳು ಇಂಥ ಗುಟ್ಟುಗಳನ್ನು ಅಚ್ಚು ಹಾಕುತ್ತಿದ್ದವು. ಫೋನ್ ಮಾಡಿದರೆ ಸಲಹೆ ಕೊಡುವ ಸಿಬ್ಬಂದಿಯನ್ನೂ ನಿಂಟೆಂಡೊ ಇಟ್ಟುಕೊಂಡಿತ್ತು. ಪತ್ರಿಕೆ ಕೊಳ್ಳಬಲ್ಲವನಿಗೆ, ಫೋನಿನ ಬಿಲ್ಲು ಕಟ್ಟಬಲ್ಲ ತಂದೆಯ ಮಗನಿಗೆ ಬಾಗಿಲು ತೆರೆಯಿತು. ಉಳಿದವರಿಗೆ ಪಕ್ಕದ ಬೀದಿಯ ದೊಡ್ಡ ಹುಡುಗನೇ ಗತಿ. 1990ರ ದಶಕದಲ್ಲಿ ಫ್ಯಾಮಿಕಾಮಿನ ಅಗ್ಗದ ನಕಲು ಯಂತ್ರಗಳು ನಮ್ಮ ಅಂಗಡಿಗಳಿಗೂ ಬಂದವು. ನಾವು ಅದನ್ನು ಟಿವಿ ಗೇಮ್ ಎಂದೆವು, ಆಟ ತುಂಬಿದ ಡಬ್ಬಿಯನ್ನು ಕ್ಯಾಸೆಟ್ ಎಂದೆವು. ಮೇಲೆ ಸಾವಿರಗಟ್ಟಲೆ ಆಟಗಳೆಂದು ಬರೆದಿರುತ್ತಿತ್ತು, ತೆರೆದು ನೋಡಿದರೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಅದರಲ್ಲಿದ್ದ ಕಾಂಟ್ರಾ ಎಂಬ ಆಟವೂ ಕೊನಾಮಿಯದೇ. ಅಲ್ಲಿ ಅದೇ ಹತ್ತು ಒತ್ತುಗಳು ಮೂರು ಜೀವವನ್ನು ಮೂವತ್ತಾಗಿಸುತ್ತಿದ್ದವು. ನಮ್ಮ ಎಷ್ಟೋ ಮನೆಗಳಲ್ಲಿ ಗ್ರೇಡಿಯಸ್ ಹೆಸರು ಕೇಳದ ಮಕ್ಕಳ ಬೆರಳುಗಳಿಗೂ ಹಾಶಿಮೊಟೊ ಬರೆದ ಸಾಲು ಬಾಯಿಪಾಠವಾಗಿತ್ತು.

ಬಿದ್ದವನಿಗೆ ಸಿಗಬೇಕಾದ ನೆರವು ಗುಟ್ಟಾಗಿರುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಇಲ್ಲದಿರುವುದಕ್ಕಿಂತ ಗುಟ್ಟಾಗಿಯಾದರೂ ಇರುವುದು ಮೇಲಲ್ಲವೇ? ಒಂದು ಮಟ್ಟಿಗೆ ಮೇಲು. ಆದರೆ ಗುಟ್ಟಿನ ದಯೆಗೆ ಒಂದು ಕೆಟ್ಟ ಗುಣವಿದೆ. ಅದು ಕ್ರೂರ ನಿಯಮದ ಆಯುಷ್ಯವನ್ನು ಹೆಚ್ಚಿಸುತ್ತದೆ. ನಿಯಮದ ವಿರುದ್ಧ ದನಿಯೆತ್ತಬಲ್ಲವರು, ಚುರುಕಿನವರು, ನಾಲ್ಕು ಜನರ ಪರಿಚಯವುಳ್ಳವರು ಮೊದಲೇ ಆ ಬಾಗಿಲಿನಿಂದ ಒಳಗೆ ಹೋಗಿಬಿಟ್ಟಿರುತ್ತಾರೆ. ಹೊರಗೆ ಸಾಲಿನಲ್ಲಿ ನಿಂತವರು ಸಾಲು ಇಷ್ಟು ಉದ್ದವೇಕೆ ಎಂದು ಕೇಳಲೂ ತಿಳಿಯದವರು. ಸರಕಾರಿ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತವರಿಗೆಲ್ಲ ಇದು ಗೊತ್ತಿರುವ ಸಂಗತಿ.

ಈ ಆಟದಿಂದ ಸ್ವಲ್ಪ ಹೊತ್ತು ಕಾನೂನಿನ ಪುಸ್ತಕಕ್ಕೆ ಹೋಗೋಣ. ಬಿದ್ದವನ ಕೈಯಲ್ಲಿ ಏನನ್ನು ಉಳಿಸಬೇಕು ಎಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ. ಸಾಲ ಕೊಟ್ಟವನು ದಾವೆ ಗೆದ್ದು, ಕೋರ್ಟಿನ ಡಿಕ್ರಿ ಹಿಡಿದು ಸಾಲಗಾರನ ಆಸ್ತಿಯನ್ನು ಜಪ್ತಿ ಮಾಡಿಸಲು ಬಂದಾಗಲೂ ಕೆಲವನ್ನು ಮುಟ್ಟುವಂತಿಲ್ಲ ಎನ್ನುತ್ತದೆ ಅದು. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಕುಶಲಕರ್ಮಿಯ ಉಪಕರಣಗಳು. ರೈತನಾದರೆ ಬೇಸಾಯದ ಸಲಕರಣೆ, ಬದುಕು ನಡೆಸಲು ಅಗತ್ಯವೆಂದು ಕೋರ್ಟಿಗೆ ತೋರಿದಷ್ಟು ದನಕರು ಮತ್ತು ಬಿತ್ತನೆಯ ಕಾಳು. ಬ್ರಿಟಿಷರ ಕಾಲದ ಒಣ ಕಾನೂನಿನಲ್ಲಿ ಎಂಥ ದೊಡ್ಡ ವಿವೇಕ ಅಡಗಿದೆ ನೋಡಿ! ಸಾಲ ತೀರಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ತೀರಿಸುವ ಕೈಯನ್ನೇ ಕತ್ತರಿಸಬೇಡಿ. ದರ್ಜಿಯ ಹೊಲಿಗೆ ಯಂತ್ರ ಹೊತ್ತೊಯ್ದರೆ ಅವನು ಇನ್ನೆಂದೂ ಸಾಲ ತೀರಿಸಲಾರ. ಅವನು ವಿಕ್ ವೈಪರ್ ಆಗುತ್ತಾನೆ, ತುಂಬಿದ ಆಕಾಶದಲ್ಲಿ ಬರಿಗೈ ನೌಕೆ.

ಈ ಕಲಮಿಗೆ ಇನ್ನೊಂದು ಮುಖವೂ ಇದೆ. ಇದು ಗುಟ್ಟಲ್ಲ, ಅಚ್ಚಾದ ಕಾನೂನು, ಎಲ್ಲರಿಗೂ ಸಮಾನ. ಆದರೆ ನಮ್ಮ ಸಂತೆಬೀದಿಯ ದರ್ಜಿಗಳಲ್ಲಿ, ಕಮ್ಮಾರರಲ್ಲಿ, ಬೀಡಿ ಕಟ್ಟುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಹೆದರಿಸಲು ಬಂದವನ ಮುಂದೆ ‘ಇದನ್ನು ಮುಟ್ಟುವಂತಿಲ್ಲ’ ಎಂದು ಹೇಳಬಲ್ಲವರು ಎಷ್ಟು? ಬಹಿರಂಗವಾಗಿ ಇದ್ದೂ ತಿಳಿಯದ ಹಕ್ಕಿಗೂ, ಕ್ಯಾಸೆಟಿನೊಳಗೆ ಅಡಗಿ ಕೂತ ಹತ್ತು ಒತ್ತುಗಳಿಗೂ ಬಿದ್ದವನ ಮಟ್ಟಿಗೆ ವ್ಯತ್ಯಾಸವೇನು? ಇಬ್ಬರಿಗೂ ಬೇಕಾದದ್ದು ಪಕ್ಕದ ಬೀದಿಯ ಆ ದೊಡ್ಡ ಹುಡುಗ, ಕೂತು ತೋರಿಸಿಕೊಡುವವನು. ಕೋಡನ್ನು ಹರಡಿದ ಮಕ್ಕಳನ್ನು ಕಳ್ಳರೆಂದು ನಾನು ಕರೆಯದಿರುವುದು ಇದಕ್ಕೇ. ಅವರು ತಮಗೆ ತಿಳಿದದ್ದನ್ನು ಮುಚ್ಚಿಟ್ಟುಕೊಳ್ಳದೆ ಹಂಚಿದರು. ಸರ್ಕಾರಿ ಯೋಜನೆಯ ಅರ್ಜಿ ಎಲ್ಲಿ ಸಿಗುತ್ತದೆ ಎಂದು ತಿಳಿದೂ ನೆರೆಯವನಿಗೆ ಹೇಳದ ದೊಡ್ಡವರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಅದು ಬಲವಾದ ಮಾತು. ಗ್ರೇಡಿಯಸ್ಸಿನ ಕ್ರೌರ್ಯವನ್ನೇ ಪ್ರೀತಿಸುವವರಿದ್ದಾರೆ. ಜಪಾನಿನ ನುರಿತ ಆಟಗಾರರು ಸಾಯದಿರುವುದನ್ನು ಎಷ್ಟು ಅಭ್ಯಾಸ ಮಾಡುತ್ತಾರೋ, ಸತ್ತ ಮೇಲೆ ಏಳುವುದನ್ನೂ ಅಷ್ಟೇ ಅಭ್ಯಾಸ ಮಾಡುತ್ತಾರೆ. ಬರಿಗೈ ನೌಕೆಯನ್ನು ಯಾವ ಮೂಲೆಯಲ್ಲಿ ನಿಲ್ಲಿಸಬೇಕು, ಯಾವ ಶತ್ರುವನ್ನು ಬಿಟ್ಟು ಯಾವುದನ್ನು ಹೊಡೆದರೆ ಮೊದಲ ಕ್ಯಾಪ್ಸೂಲು ಬೀಳುತ್ತದೆ, ಅದರಿಂದ ಮೊದಲು ಏನನ್ನು ಕೊಳ್ಳಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಕಂಡುಕೊಂಡಿದ್ದಾರೆ. ಅದಕ್ಕೆ ಅವರ ಭಾಷೆಯಲ್ಲಿ ಪುನರುಜ್ಜೀವನ ಎಂಬರ್ಥದ ಹೆಸರೇ ಇದೆ. ಅಂಥ ಆಟ ನೋಡುವುದು ನಿಜಕ್ಕೂ ರೋಮಾಂಚನ. ಎಲ್ಲ ಕಳೆದುಕೊಂಡ ನೌಕೆ ಒಂದೊಂದೇ ಕ್ಯಾಪ್ಸೂಲು ಹೆಕ್ಕಿ ಎದ್ದು ನಿಲ್ಲುವುದರಲ್ಲಿರುವ ಘನತೆ, ಎಂದೂ ಬೀಳದವನ ಗೆಲುವಿನಲ್ಲಿಲ್ಲ. ಶಿಕ್ಷೆ ಸಡಿಲವಾಗಿದ್ದರೆ ಈ ಘನತೆ ಹುಟ್ಟುತ್ತಿತ್ತೇ? ಇಲ್ಲ.

ಒಪ್ಪಿದೆ. ಆದರೆ ಆ ಆಟಗಾರ ಬರಿಗೈಯನ್ನು ತಾನಾಗಿ ಆರಿಸಿಕೊಂಡವನು. ಬೇಸರವಾದರೆ ಸ್ವಿಚ್ ಆರಿಸಿ ಊಟಕ್ಕೆ ಹೋಗಬಲ್ಲ. ಹೊಲಿಗೆ ಯಂತ್ರ ಕಳೆದುಕೊಂಡವನಿಗೆ, ಜೈಲಿನಿಂದ ಹೊರಬಂದು ಬಾಡಿಗೆ ಮನೆ ಹುಡುಕುವವನಿಗೆ ಆ ಸ್ವಿಚ್ ಇಲ್ಲ. ‘ನೋಡಿ, ಏನೂ ಇಲ್ಲದೆ ಎದ್ದು ನಿಂತವರಿದ್ದಾರೆ’ ಎಂದು ಒಬ್ಬಿಬ್ಬರ ಉದಾಹರಣೆ ತೋರಿಸಿ ಉಳಿದವರ ಸೋಲಿಗೆ ಅವರ ಸೋಮಾರಿತನವೇ ಕಾರಣ ಎನ್ನುವ ಭಾಷಣಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಆರಿಸಿಕೊಂಡ ಕಷ್ಟದ ಕೀರ್ತಿಯನ್ನು ಹೇರಿದ ಕಷ್ಟದ ಸಮರ್ಥನೆಗೆ ಬಳಸುವುದು ಅನ್ಯಾಯ.

ಅಷ್ಟಕ್ಕೂ ನಿಯಮ ಹೀಗೆಯೇ ಇರಬೇಕೆಂದೇನೂ ಇರಲಿಲ್ಲ. ಅದೇ ಕೊನಾಮಿ 1986ರಲ್ಲೇ ಸಲಮಾಂಡರ್ ಎಂಬ ಇನ್ನೊಂದು ನೌಕೆಯಾಟ ತಂದಿತು. ಗ್ರೇಡಿಯಸ್ಸಿನ ರಕ್ತಸಂಬಂಧಿಯೇ. ಅಲ್ಲಿ ನೌಕೆ ಸಿಡಿದರೆ ಹಿಂದಕ್ಕೆ ತಳ್ಳುವುದಿಲ್ಲ, ಬಿದ್ದಲ್ಲೇ ಹೊಸದು ಹುಟ್ಟುತ್ತದೆ. ಹಳೆಯ ನೌಕೆಯ ಜೊತೆಗಿದ್ದ ಬೆಳಕಿನ ಉಂಡೆಗಳು ಆಕಾಶದಲ್ಲಿ ಒಂದಿಷ್ಟು ಹೊತ್ತು ತೇಲುತ್ತಿರುತ್ತವೆ. ಚುರುಕಾಗಿದ್ದರೆ ಹಿಡಿದುಕೊಳ್ಳಬಹುದು. ನಷ್ಟ ನಷ್ಟವೇ, ಆದರೆ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಏನೋ ಉಳಿದಿರುತ್ತದೆ. ಇದರಿಂದ ಆಟವೇನೂ ಹಾಳಾಗಲಿಲ್ಲ. 60ನೇ ಕಲಮಿನ ವಿವೇಕ ಅವರಿಗೆ ತಿಳಿದಿರಲಿಕ್ಕಿಲ್ಲ, ಆದರೆ ತಲುಪಿದ್ದು ಹತ್ತಿರ ಹತ್ತಿರ ಅಲ್ಲಿಗೇ.

ಗುಟ್ಟನ್ನು ಕಾಯುವವರು ಒಮ್ಮೆ ಅದರೊಡನೆ ಚೇಷ್ಟೆಯನ್ನೂ ಮಾಡಿದರು. ನಿಂಟೆಂಡೊದ ಮುಂದಿನ ಯಂತ್ರವಾದ ಸೂಪರ್ ಫ್ಯಾಮಿಕಾಮಿಗೆ 1990ರಲ್ಲಿ ಬಂದ ಗ್ರೇಡಿಯಸ್ ಮೂರರಲ್ಲಿ ಹಳೆಯ ಹತ್ತು ಒತ್ತುಗಳನ್ನು ಒತ್ತಿದರೆ ನೌಕೆಗೆ ಶಕ್ತಿಗಳೆಲ್ಲ ಬಂದಂತೆ ಕಂಡು, ಮರುಕ್ಷಣ ಅದು ತಾನಾಗಿಯೇ ಸಿಡಿದುಹೋಗುತ್ತದೆ. ಎಡ ಬಲದ ಜಾಗದಲ್ಲಿ ಹೊಸ ಹಿಡಿಕೆಯ ಎಲ್ ಮತ್ತು ಆರ್ ಗುಂಡಿ ಒತ್ತಬೇಕೆಂದು ತಿಳಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ತಮಾಷೆಯೇ, ನಗು ಬರುತ್ತದೆ. ಆದರೆ ಗುಟ್ಟಿನ ದಯೆಯನ್ನು ನಂಬಿ ಬದುಕುವವರ ಪಾಡು ಇದಕ್ಕಿಂತ ಬೇರೆಯಲ್ಲ. ಕಚೇರಿಯ ಗುಮಾಸ್ತ ವರ್ಗವಾದ ದಿನ, ಪರಿಚಯದ ಪುಢಾರಿ ಚುನಾವಣೆ ಸೋತ ದಿನ, ನಿನ್ನೆಯ ಕೀಲಿ ಇಂದು ಬೀಗಕ್ಕೆ ಕೂರುವುದಿಲ್ಲ.

ಈಚಿನ ವರ್ಷಗಳಲ್ಲಿ ಕೆಲವು ಆಟ ತಯಾರಕರು ಬೇರೆ ದಾರಿ ಹಿಡಿದಿದ್ದಾರೆ. 2018ರ ಸೆಲೆಸ್ಟ್ ಎಂಬ ಬೆಟ್ಟ ಹತ್ತುವ ಆಟ ಬಹಳ ಕಠಿಣ. ಆದರೆ ಬೇಕಾದವರು ಆಟದ ವೇಗ ತಗ್ಗಿಸಿಕೊಳ್ಳುವ, ಸಾವೇ ಇಲ್ಲದಂತೆ ಆಡುವ ಸೌಕರ್ಯವನ್ನು ಅದು ಪಟ್ಟಿಯಲ್ಲೇ ಬಹಿರಂಗವಾಗಿ ಇಟ್ಟಿದೆ, ಯಾರನ್ನೂ ಹೀಯಾಳಿಸದೆ. ಕಷ್ಟವನ್ನು ಬಯಸುವವನು ಅದನ್ನು ಮುಟ್ಟುವುದಿಲ್ಲ. ಅವನ ಗೆಲುವಿನ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಹಾಶಿಮೊಟೊ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಅಭಿಮಾನಿಗಳು ಹೂಗುಚ್ಛದ ಬದಲು ಆ ಹತ್ತು ಒತ್ತುಗಳನ್ನೇ ಬರೆದು ಕಳಿಸಿದರು, ಬಾಣದ ಗುರುತುಗಳ ಒಂದು ಸಾಲು. ಅಷ್ಟರಲ್ಲಿ ಅದು ಗುಟ್ಟಾಗಿ ಉಳಿದಿರಲಿಲ್ಲ. ಅದರ ಹಿಂದಿನ ವರ್ಷ, 2019ರಲ್ಲಿ, ಕೊನಾಮಿ ತನ್ನ ಹಳೆಯ ಆರ್ಕೇಡ್ ಆಟಗಳ ಸಂಕಲನ ತಂದಾಗ ಗ್ರೇಡಿಯಸ್ಸೂ ಅದರಲ್ಲಿತ್ತು. ಅದರಲ್ಲಿ ಆಟವನ್ನು ಎಲ್ಲಿ ಬೇಕೆಂದರಲ್ಲಿ ಉಳಿಸಿಟ್ಟು, ಬಿದ್ದರೆ ಅಲ್ಲಿಂದಲೇ ಮುಂದುವರಿಯಬಹುದು. ಕೋಡ್ ಬೇಡ, ಪರಿಚಯ ಬೇಡ, ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಅದನ್ನು ಬಳಸದೆ, ಸತ್ತಾಗಲೆಲ್ಲ ಬರಿಗೈ ನೌಕೆಯನ್ನೇ ಹಿಡಿದು ಏಳುವವರು ಈಗಲೂ ಇದ್ದಾರೆ.